ಹಣೆ ತೊಳೆದು ಒಳಗೆ ಬನ್ನಿ

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಕೂದಲಿಗಿಂತ ತೆಳುವಾದ ಒಂದು ತಂತಿಯನ್ನು ಚಿಮಟದಲ್ಲಿ ಹಿಡಿದು ಕೂತಿದ್ದೆ. ಬಾಗಿಲ ಬಳಿ ನಿಂತು ಮ್ಯಾನೇಜರು ಹೇಳಿದ್ದು ಕಿವಿಗೆ ಬಿತ್ತು. ಆದರೂ ತಂತಿಯನ್ನು ಅದರ ಜಾಗಕ್ಕೆ ಕೂರಿಸಿ, ಓರೆಯಾಗಿಲ್ಲ ತಾನೆ ಎಂದು ಭೂತಗನ್ನಡಿಯಲ್ಲಿ ನೋಡಿಕೊಂಡು, ಆಮೇಲೆ ಎದ್ದೆ. ಇದನ್ನು ಹೇಳಿದಾಗಲೆಲ್ಲ ನನ್ನ ಸೊಸೆ ನನ್ನನ್ನು ಒಂಥರಾ ನೋಡುತ್ತಾಳೆ. ನೋಡಲಿ. ಅವತ್ತು ನನಗೆ ಏನೂ ಅನ್ನಿಸಲಿಲ್ಲ ಎನ್ನುವುದು ನಿಜ. ಅಷ್ಟು ದೊಡ್ಡ ಮನುಷ್ಯ, ನನಗೆ ಒಂದು ವಿದ್ಯೆ ಕೊಟ್ಟವರು, ಹೋಗಿಬಿಟ್ಟರು ಅಂದರೆ ಎದೆ ಒಡೆಯಬೇಕಿತ್ತು. ಒಡೆಯಲಿಲ್ಲ. ಎಷ್ಟೋ ದಿನ ನಾನು ಉಂಡೆ, ನಿದ್ದೆ ಮಾಡಿದೆ, ಹೂವು ಕಟ್ಟಿದೆ.

ಅವರನ್ನು ನಾವೆಲ್ಲ ಮೇಷ್ಟ್ರು ಅನ್ನುತ್ತಿದ್ದೆವು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಪರದೇಶಕ್ಕೆ ಹೋಗಿ ರೇಡಿಯೊ ವಿದ್ಯೆ ಕಲಿತು, ಹಿಂದಿರುಗಿ ಬಂದು ಸರ್ಕಾರದ ಒಂದು ಒಳ್ಳೆಯ ಕೆಲಸದಲ್ಲಿದ್ದು, ಅದನ್ನು ಬಿಟ್ಟವರು. ಆ ಕಾಲದ ರೇಡಿಯೊ ಅಂದರೆ ಮರದ ಪೆಟ್ಟಿಗೆ. ಅದರ ಹಿಂಬದಿ ತೆಗೆದರೆ ಒಳಗೆ ಸಣ್ಣ ಸಣ್ಣ ಗಾಜಿನ ಬುರುಡೆಗಳು ಸಾಲಾಗಿ ಉರಿಯುತ್ತಿದ್ದವು. ಅವಕ್ಕೆ ವಾಲ್ವು ಎಂದು ಹೆಸರು. ಒಂದು ಕೆಟ್ಟರೂ ರೇಡಿಯೊ ಮೂಕ. ಹಡಗಿನಲ್ಲಿ ಬರುತ್ತಿದ್ದ ಆ ಬುರುಡೆಯನ್ನು ಇಲ್ಲೇ, ಯಶವಂತಪುರದ ರೈಲ್ವೆ ಗೇಟಿನ ಆಚೆ, ಕಡಲೆಕಾಯಿ ತುಂಬುತ್ತಿದ್ದ ಹಳೆಯ ಗೋಡೌನೊಂದರಲ್ಲಿ ಮಾಡಿ ತೋರಿಸುತ್ತೇನೆಂದು ಹೊರಟರು. ನಮ್ಮ ಕಡೆ ಆಗ ಅಂಥ ಕೆಲಸಕ್ಕೆ ಯಾರೂ ಕೈ ಹಾಕಿರಲಿಲ್ಲ. ಪರದೇಶದ ಒಬ್ಬ ತಜ್ಞ ಬಂದು ನೋಡಿ, ಇಲ್ಲಿನ ಧೂಳಿನಲ್ಲಿ, ಇಲ್ಲಿನ ಹೆಂಗಸರ ಕೈಯಲ್ಲಿ ಇದು ಆಗದ ಮಾತು ಎಂದು ಹೇಳಿಹೋದನಂತೆ. ಮೇಷ್ಟ್ರು ಅವನಿಗೆ ಎಳನೀರು ಕುಡಿಸಿ ಕಳಿಸಿದರಂತೆ.

ಇಲ್ಲಿನ ಹೆಂಗಸರ ಕೈ ಹುಡುಕಿಕೊಂಡು ಅವರು ಸುತ್ತಮುತ್ತಲ ಹಳ್ಳಿಗಳನ್ನು ತಿರುಗಿದರು. ಕೊಡಿಗೇಹಳ್ಳಿಗೆ ಬಂದ ದಿನ ನಾನು ಜಗಲಿಯ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದೆ. ಮದುವೆಯಾಗಿ ಆ ಮನೆಗೆ ಬಂದ ಹೊಸತು. ನಮ್ಮದು ಹೂವಿನ ತೋಟ. ನನ್ನ ಯಜಮಾನರು ಬೆಳೆಯುವುದು, ನಾವು ಅತ್ತೆ ಸೊಸೆ ಕಟ್ಟುವುದು. ಕೊಡೆ ಹಿಡಿದ, ಪ್ಯಾಂಟಿನ ಕಾಲೆಲ್ಲ ಧೂಳು ಮಾಡಿಕೊಂಡ ಒಬ್ಬ ತೆಳ್ಳನೆಯ ಮನುಷ್ಯ ಬೀದಿಯಲ್ಲಿ ನಿಂತು ನನ್ನ ಬೆರಳುಗಳನ್ನೇ ನೋಡತೊಡಗಿದರು. ನಮ್ಮತ್ತೆ ಒಳಗಿನಿಂದ ಬಂದರು.

"ಏನ್ ಬೇಕಾಗಿತ್ತು ಸ್ವಾಮಿ?"

"ನಿಮ್ಮ ಸೊಸೆ ಕೈ ಬೇಕಾಗಿತ್ತಮ್ಮಾ."

ಪೊರಕೆ ಈಚೆಗೆ ಬರುವುದೊಂದು ಬಾಕಿ. ಮೇಷ್ಟ್ರಿಗೆ ಮಾತಾಡಲು ಬರುತ್ತಿದ್ದುದೇ ಹಾಗೆ, ಹೇಳಬೇಕಾದ್ದರ ಕೊನೆಯನ್ನು ಮೊದಲು ಹೇಳಿಬಿಡುವುದು. ಆಮೇಲೆ ಜಗಲಿಯ ಮೇಲೆ ಕೂತು, ಒಂದು ಚೊಂಬು ಮಜ್ಜಿಗೆ ಕುಡಿದು, ನಿಧಾನವಾಗಿ ವಿವರಿಸಿದರು. ಬಾಳೆನಾರಿನಲ್ಲಿ ಹೂವಿನ ತೊಟ್ಟು ಮುರಿಯದಂತೆ ಗಂಟು ಹಾಕುವ ಬೆರಳಿಗೆ ಈ ಕೆಲಸ ಬರುತ್ತದೆ, ಹೆಣ್ಣುಮಕ್ಕಳೇ ಇರುವ ಕೋಣೆ, ಕತ್ತಲಾಗುವುದರೊಳಗೆ ಮನೆಗೆ. ನಮ್ಮತ್ತೆ ಗಂಡ ಸತ್ತ ಮೇಲೆ ಒಬ್ಬರೇ ತೋಟ ಮಾಡಿ ಮಗನನ್ನು ಬೆಳೆಸಿದವರು. ಊರಿನಲ್ಲಿ ಅವರ ಮಾತಿಗೆ ತೂಕವಿತ್ತು. ಅವರು ಸೊಸೆಯನ್ನು ಕಳಿಸುತ್ತಾರೆ ಅಂದ ಮೇಲೆ ನಮ್ಮೂರಿನ ಉಳಿದ ಮನೆಯವರೂ ಹೆಣ್ಣುಮಕ್ಕಳನ್ನು ಕಳಿಸಿದರು. ಗದ್ದೆಯ ಬದುಗಳ ಮೇಲೆ ಸಾಲಾಗಿ ನಡೆದು ಯಶವಂತಪುರಕ್ಕೆ ಹೋಗುತ್ತಿದ್ದ ನಮ್ಮನ್ನು ನೋಡಿ, ದನ ಕಾಯುವವರು ಯಾವ ಮನೆ ಮದುವೆಯಮ್ಮಾ ಎಂದು ಕೇಳುತ್ತಿದ್ದರು.

ಮೊದಲ ದಿನಗಳಲ್ಲಿ ಅವರು ನಮ್ಮ ಜೊತೆಗೇ ಬೆಂಚಿನ ಮೇಲೆ ಕೂತು ಕೆಲಸ ಮಾಡಿದರು. ಅವರ ಕೈ ನಡುಗುತ್ತಿತ್ತು. ನಾವು ಬೇಗ ಕಲಿತುಬಿಟ್ಟೆವು, ಅವರು ಕೊನೆಯವರೆಗೂ ಒಂದು ತಂತಿಯನ್ನೂ ನೆಟ್ಟಗೆ ಕೂರಿಸಲಿಲ್ಲ. "ನನಗೆ ಗೊತ್ತಿರೋದು ಯಾಕೆ ಅನ್ನೋದು ಮಾತ್ರ. ಹೇಗೆ ಅನ್ನೋದು ನಿಮ್ಮ ಪಾಲು" ಅನ್ನುತ್ತಿದ್ದರು. ಚಹಾವನ್ನು ಸಾಸರಿಗೆ ಸುರಿದುಕೊಂಡು, ಆರಿಸಿ, ಮತ್ತೆ ಲೋಟಕ್ಕೆ ಹಾಕಿ, ಆಮೇಲೆ ಕುಡಿಯುವುದನ್ನೇ ಮರೆಯುತ್ತಿದ್ದರು. ಸಿಟ್ಟು ಬಂದರೆ ಯಾರನ್ನೂ ಬಯ್ಯದೆ ಹೊರಗೆ ಹೋಗಿ ಅಲ್ಲಿದ್ದ ನೇರಳೆ ಮರಕ್ಕೆ ಒಂದು ಸುತ್ತು ಬರುತ್ತಿದ್ದರು. ಸುತ್ತು ಜಾಸ್ತಿಯಾದ ದಿನ ನಾವು ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದೆವು.

ವಾಲ್ವಿನ ಒಳಗಿನ ತಂತಿಗಳನ್ನೆಲ್ಲ ಕೂರಿಸಿದ ಮೇಲೆ, ಗಾಜಿನ ಬುರುಡೆ ಮುಚ್ಚಿ, ಒಳಗಿನ ಗಾಳಿಯನ್ನು ಪೂರ್ತಿ ಹೀರಿ ತೆಗೆಯಬೇಕು. ಒಂದಿಷ್ಟು ಧೂಳು, ಬೆರಳಿನ ಜಿಡ್ಡು, ಏನು ಉಳಿದರೂ ಅದು ಬಿಸಿಗೆ ಆವಿಯಾಗಿ ಬುರುಡೆಯನ್ನು ಕೆಡಿಸುತ್ತದೆ. ಯಾರೋ ದೊಡ್ಡವರು ನೋಡಲು ಬಂದಾಗ ಬುರುಡೆ ಕೈಗೆತ್ತಿಕೊಂಡು, "ಇದರೊಳಗೆ ಏನಿರುತ್ತೆ?" ಎಂದು ಕೇಳಿದರು.

"ಏನೂ ಇರಲ್ಲ ಸಾರ್. ಅದಕ್ಕೇ ಇಷ್ಟು ಕಷ್ಟ" ಅಂದರು ಮೇಷ್ಟ್ರು.

ಇನ್ನೊಮ್ಮೆ ಒಬ್ಬ ಮಂತ್ರಿಗಳು ಹಾರ, ಪೇಟ, ಹಣೆಯ ಮೇಲೆ ಅಂಗೈಯಗಲ ಗಂಧ ಇವುಗಳ ಸಮೇತ ಬಂದರು. ಅದೆಲ್ಲವನ್ನೂ ತೆಗೆದು, ಮುಖ ತೊಳೆದು, ಬರಿಗಾಲಲ್ಲಿ ಒಳಗೆ ಬರಬೇಕೆಂದು ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು. ಮಂತ್ರಿಗಳು ಕಿಟಕಿಯ ಗಾಜಿನ ಆಚೆಯಿಂದಲೇ ನಮಗೆಲ್ಲ ಕೈ ಮುಗಿದು ಹೊರಟುಹೋದರು. ನಾವು ಕೈಯಲ್ಲಿ ಚಿಮಟ ಹಿಡಿದುಕೊಂಡೇ ವಾಪಸ್ಸು ಮುಗಿದೆವು.

ಇಷ್ಟು ಕಟ್ಟುನಿಟ್ಟು ಬಂದದ್ದು ಮೊದಲ ವರ್ಷದ ಆಯುಧಪೂಜೆಯ ಮೇಲೆ. ಆಗ ಅವರು ಊರಲ್ಲಿರಲಿಲ್ಲ. ನಾವೇ ಸೇರಿ ಕೋಣೆ ತೊಳೆದು, ಗಾಳಿ ಹೀರುವ ಪಂಪಿಗೆ ವಿಭೂತಿ ಪಟ್ಟೆ ಎಳೆದು, ಬೆಂಚುಗಳಿಗೆ ಅರಿಸಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಬಹಳ ಚೆನ್ನಾಗಿ ಪೂಜೆ ಮಾಡಿದೆವು. ಅದಾದ ಮೇಲೆ ಮಾಡಿದ ವಾಲ್ವುಗಳನ್ನು ಉರಿಸಿ ನೋಡಿದರೆ ಒಳಗೆಲ್ಲ ನೀಲಿ ಬೆಳಕು! ಅಂಥ ಚೆಂದದ ಬೆಳಕನ್ನು ನಾವು ಅಲ್ಲಿಯವರೆಗೆ ಕಂಡೇ ಇರಲಿಲ್ಲ. ದೇವರು ಒಪ್ಪಿಕೊಂಡ ಎಂದು ಜಯಮ್ಮ ಅನ್ನುವ ಹುಡುಗಿ ಬುರುಡೆಗಳಿಗೆ ಮಂಗಳಾರತಿ ಬೇರೆ ಎತ್ತಿದಳು. ಮೇಷ್ಟ್ರು ಊರಿನಿಂದ ಬರುತ್ತಲೇ ಕೈ ಹಿಡಿದೆಳೆಯುವಷ್ಟು ಸಂಭ್ರಮದಲ್ಲಿ ಕರೆದುಕೊಂಡು ಹೋಗಿ ತೋರಿಸಿದೆವು. ಅವರು ಸಾಲಾಗಿ ಉರಿಯುತ್ತಿದ್ದ ನೀಲಿ ಬುರುಡೆಗಳನ್ನು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಕಣ್ರಮ್ಮಾ. ನಿಜವಾಗ್ಲೂ ಚೆನ್ನಾಗಿದೆ. ಆದ್ರೆ ಎಲ್ಲಾ ಸತ್ತುಹೋಗಿವೆ."

ಒಳಗೆ ಕೊಳಕು ಉಳಿದರೆ ಬರುವ ಬಣ್ಣ ಅದು. ಆಮೇಲೆ ನೇರಳೆ ಮರವನ್ನು ಎಷ್ಟು ಸುತ್ತಿದರೋ ನಾವು ನೋಡಲು ಹೋಗಲಿಲ್ಲ. ಮುಂದಿನ ವರ್ಷದಿಂದ ಪೂಜೆ ಅದೇ ಮರದ ಕೆಳಗೆ. ಕೆಟ್ಟ ಒಂದು ವಾಲ್ವನ್ನು ಮಣೆಯ ಮೇಲಿಟ್ಟು ಪೂಜೆ ಮಾಡಿ ಅಂದರು. ಮೂಲವಿಗ್ರಹ ಒಳಗಿರಲಿ, ಉತ್ಸವಮೂರ್ತಿ ಹೊರಗೆ ಬರಲಿ ಎಂದು ಅವರೇ ಹೇಳಿ, ಅವರೇ ತೆಂಗಿನಕಾಯಿ ಒಡೆದರು.

ಪೂಜೆ ಹೊರಗೆ ಹೋಯಿತು, ಸರಿ. ಅದರ ಹಿಂದೆಯೇ ಇನ್ನೊಂದು ನಿಯಮ ಬಂತು. ತಲೆಗೆ ಎಣ್ಣೆ ಬೇಡ, ಹೂವು ಬೇಡ, ಹಣೆಗೆ ಕುಂಕುಮ ಬೇಡ. ಬಗ್ಗಿ ಕೆಲಸ ಮಾಡುವಾಗ ಹಣೆಯ ಕುಂಕುಮ ಪುಡಿಪುಡಿಯಾಗಿ ಉದುರುತ್ತದೆ. ಕಾಣುವುದಿಲ್ಲ, ಉದುರುತ್ತದೆ. ಬಾಟಲಿಯ ಚಾಂದು ತರಿಸಿ ಪರೀಕ್ಷೆ ಮಾಡಿದರು. ದೀಪದ ಬಿಸಿಗೆ ಅದೂ ಒಣಗಿ ಚಕ್ಕೆಯೆದ್ದಿತು. ಕೊನೆಗೆ ಬಾಗಿಲಲ್ಲಿ ನಿಂತು, "ಹಣೆ ತೊಳೆದು ಒಳಗೆ ಬನ್ನಿ" ಎಂದುಬಿಟ್ಟರು. ಹೇಳುವಾಗ ಅವರ ಮುಖ ನಮ್ಮ ಕಡೆ ಇರಲಿಲ್ಲ. ಮುತ್ತೈದೆಯರಿಗೆ ತಾನು ಏನು ಹೇಳುತ್ತಿದ್ದೇನೆಂದು ಗೊತ್ತಿತ್ತು ಅವರಿಗೆ.

ಕೊಡಿಗೇಹಳ್ಳಿಯಲ್ಲಿ ದೊಡ್ಡ ರಾದ್ಧಾಂತವಾಯಿತು. ಮೇಷ್ಟ್ರು ಮತ್ತೆ ಕೊಡೆ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು.

"ಅಮ್ಮಾ, ಗರ್ಭಗುಡಿ ಇದ್ದ ಹಾಗೆ ಆ ಕೋಣೆ. ಮಡಿ ಬೇಕಾಗುತ್ತೆ" ಅಂದರು.

"ಗರ್ಭಗುಡೀಲೂ ಕುಂಕುಮ ಇರ್ತದಲ್ಲ ಸ್ವಾಮಿ" ಅಂದರು ನಮ್ಮತ್ತೆ.

ಮೇಷ್ಟ್ರು ಜೋರಾಗಿ ನಕ್ಕುಬಿಟ್ಟರು. ಅತ್ತೆ ನಗಲಿಲ್ಲ. "ನಗಬ್ಯಾಡಿ. ನನ್ ಅಣೆ ನೋಡಿ. ಅದು ಓದ್ಮೇಲೆ ಅದ್ರ ಬೆಲೆ ಏನು ಅಂತ ನಂಗೊತ್ತು. ನನ್ ಸೊಸೆ ಕೈಯಾರೆ ಅಳಿಸ್ಕೊಬೇಕಾ?" ಅಂದರು. ಮೇಷ್ಟ್ರು ತಲೆ ತಗ್ಗಿಸಿ ಕೂತರು. ಆಮೇಲೆ ಕೋಣೆಯ ಬಾಗಿಲ ಹೊರಗೆ ಒಂದು ಕನ್ನಡಿ, ಒಂದು ಹಲಗೆ, ಸಾಲಾಗಿ ಮೊಳೆಗಳು ಇವನ್ನು ಹಾಕಿಸುತ್ತೇನೆ, ಬರುವಾಗ ಕುಂಕುಮದ ಭರಣಿ ಹಲಗೆಯ ಮೇಲಿಡಲಿ, ಹೂವು ಮೊಳೆಗೆ ತೂಗುಹಾಕಲಿ, ಹೊರಗೆ ಕಾಲಿಡುವ ಮುಂಚೆ ಹಚ್ಚಿಕೊಳ್ಳಲಿ, ಬೋಳು ಹಣೆಯಲ್ಲಿ ಒಬ್ಬ ಹೆಣ್ಣುಮಗಳೂ ಬೀದಿಗೆ ಬರುವುದಿಲ್ಲ, ಇದು ನನ್ನ ಮಾತು ಎಂದು ಅತ್ತೆಯ ಮುಂದೆ ಕೈಮುಗಿದರು. ಅತ್ತೆ ಅರೆಮನಸ್ಸಿನಿಂದ ಒಪ್ಪಿದರು.

ಮಾತು ಉಳಿಸಿಕೊಂಡರು. ಬಿಸಿಲ ಹೊತ್ತಿನಲ್ಲಿ ಮೊಳೆಗೆ ತೂಗುಹಾಕಿದ ಹೂವು ಬಾಡುತ್ತಿತ್ತು. ಅವರು ಊಟಕ್ಕೆ ಹೋಗುವ ಮುಂಚೆ ಚೊಂಬಿನಲ್ಲಿ ನೀರು ತಂದು ಒಂದೊಂದು ದಂಡೆಗೂ ಚಿಮುಕಿಸುತ್ತಿದ್ದುದನ್ನು ನಾನೇ ಕಿಟಕಿಯಿಂದ ಕಂಡಿದ್ದೇನೆ. ಯಾರೂ ನೋಡುತ್ತಿಲ್ಲ ಎಂದುಕೊಂಡು ಮಾಡುತ್ತಿದ್ದರು. ನಾವೂ ನೋಡಿಲ್ಲ ಅನ್ನುವಂತೆ ಇರುತ್ತಿದ್ದೆವು.

ನಮ್ಮ ಕೋಣೆಯಲ್ಲಿ ಲಿಲ್ಲಿ ಎಂಬ ಕ್ರಿಶ್ಚಿಯನ್ ಹುಡುಗಿ ಇದ್ದಳು. ಅವಳು ಕುಂಕುಮವಿಡುವವಳಲ್ಲ. "ಈಗ ನೀವೆಲ್ಲ ನನ್ ಜಾತಿಗೆ ಸೇರಿದ್ರಿ ಬಿಡ್ರೀ" ಎಂದು ರೇಗಿಸುತ್ತಿದ್ದಳು. ನಾವು ನಗುತ್ತಿದ್ದೆವು. ಅಭ್ಯಾಸವಾಗಿಹೋಯಿತು. ಒಳಗೆ ಹೋಗುವಾಗ ಹಣೆ ತೊಳೆಯುವುದು, ಹೊರಗೆ ಬರುವಾಗ ಹಚ್ಚುವುದು. ವಾಲ್ವುಗಳು ಸರಿಯಾಗಿ ಬರತೊಡಗಿದವು. ನಾವು ಮಾಡಿದ ಬುರುಡೆ ಹಾಕಿದ ರೇಡಿಯೊ ಮೊದಲ ಸಲ ಹಾಡಿದ ದಿನ ಮೇಷ್ಟ್ರು ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು ಕೇಳಿಸಿದರು. ಕೃಷಿ ವಾರ್ತೆ ಬರುತ್ತಿತ್ತು. ಭತ್ತಕ್ಕೆ ಬರುವ ರೋಗದ ಬಗ್ಗೆ ಯಾರೋ ಮಾತಾಡುತ್ತಿದ್ದರು. ಅದನ್ನು ಅಷ್ಟು ಭಕ್ತಿಯಿಂದ ಯಾರೂ ಎಂದೂ ಕೇಳಿರಲಾರರು.

ತೀರಿಕೊಳ್ಳುವ ಕೆಲವು ತಿಂಗಳ ಮುಂಚೆ ಒಂದು ದಿನ ಮೇಷ್ಟ್ರು ಜೇಬಿನಿಂದ ಪುಟ್ಟ ಕಪ್ಪು ಬಟನ್ನಿನಂಥದ್ದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. "ಟ್ರಾನ್ಸಿಸ್ಟರ್ ಅಂತ ಇದರ ಹೆಸರು. ಗಾಜಿಲ್ಲ, ಉರಿಯಲ್ಲ, ಗಾಳಿ ತೆಗೆಯೋ ಗೋಜಿಲ್ಲ. ಇದು ಬಂದ್ರೆ ನಮ್ಮ ಬುರುಡೇನ ಯಾರೂ ಕೇಳಲ್ಲ" ಅಂದರು. ನಾನು ಗಾಬರಿಯಾಗಿ ಅವರ ಮುಖ ನೋಡಿದೆ. ಅವರು ಮೊಮ್ಮಗುವನ್ನು ತೋರಿಸುವವರ ಹಾಗೆ ಖುಷಿಯಲ್ಲಿದ್ದರು. "ಎಂಥಾ ಬುದ್ಧಿ ನೋಡಮ್ಮಾ ಮಾಡಿದವರದ್ದು! ಈ ಬ್ಯಾಚು ಪಾಸಾಗ್ಲಿ. ಇವರ ಕೈಲಿ ಇಂಥದ್ದು ಆಗುತ್ತೆ ಅಂತ ಗೊತ್ತಾದ್ರೆ ಸಾಕು, ನಾಳೆ ಇದನ್ನೂ ನಿಮ್ಮ ಕೈಲೇ ಮಾಡಿಸ್ತೀನಿ" ಅಂದರು. ಆಗ ಕೈಯಲ್ಲಿದ್ದ ಆ ಬ್ಯಾಚಿನ ವಾಲ್ವುಗಳಲ್ಲಿ ಪ್ರತಿಯೊಂದು ತುಣುಕೂ ಇಲ್ಲಿಯದೇ, ಪರದೇಶದ್ದು ಒಂದೂ ಇರಲಿಲ್ಲ. ದುಡ್ಡು ಹಾಕಿದ ಯಜಮಾನರು ಅದನ್ನು ನೋಡಿ ಕಾರ್ಖಾನೆಯ ಹಣೆಬರಹ ತೀರ್ಮಾನಿಸುವವರಿದ್ದರು.

ಅದು ಇನ್ನೂ ಬೆಂಚಿನ ಮೇಲೆ ಅರ್ಧಕ್ಕಿರುವಾಗ ಮೇಷ್ಟ್ರು ಮನೆಯಲ್ಲಿ ಬೆಳಿಗ್ಗೆ ಷೂ ಕಟ್ಟಿಕೊಳ್ಳಲು ಬಗ್ಗಿದವರು ಏಳಲಿಲ್ಲ.

ಅವರ ಮನೆ ಮತ್ತಿಕೆರೆಯಲ್ಲಿ. ನಡೆದು ಹೋಗುವಷ್ಟು ದೂರ. ಮ್ಯಾನೇಜರು ಹೋಗಿ ನೋಡಿಕೊಂಡು ಬನ್ನಿ ಎಂದ ತಕ್ಷಣ ನಾವು ಕೆಲಸದ ಕೋಣೆಯಲ್ಲಿ ಹಾಕಿಕೊಳ್ಳುವ ಕೋಟು ಬಿಚ್ಚಿ ಒಟ್ಟಿಗೆ ಹೊರಟೆವು. ನನಗೆ ಆ ದಾರಿಯಲ್ಲಿ ಕಂಡದ್ದು ಮುಂದೆ ಹೋಗುತ್ತಿದ್ದ ಜಯಮ್ಮನ ಹಿಮ್ಮಡಿ ಮಾತ್ರ. ಅಂಗಳದಲ್ಲಿ ಜನ ತುಂಬಿದ್ದರು. ನಾವು ಬಾಗಿಲು ದಾಟಿ ಒಳಗೆ ಕಾಲಿಟ್ಟಾಗ, ಇದ್ದ ಗದ್ದಲವೆಲ್ಲ ನಿಂತುಹೋಯಿತು. ಯಾಕೆಂದು ನನಗೆ ತಿಳಿಯಲಿಲ್ಲ. ಮೇಷ್ಟ್ರ ತಲೆಯ ಹತ್ತಿರ ಅವರ ಹೆಂಡತಿ ಕೂತಿದ್ದರು. ನಾವು ಅವರನ್ನು ಅಮ್ಮಾವ್ರು ಅನ್ನುತ್ತಿದ್ದೆವು, ಹಬ್ಬಕ್ಕೊಮ್ಮೆ ಕಾಣುತ್ತಿದ್ದೆವು. ಅವರ ಹಣೆಯಲ್ಲಿ ಆಗಿನ್ನೂ ಕುಂಕುಮ ಇತ್ತು. ತಲೆ ಎತ್ತಿ ನಮ್ಮನ್ನು ಒಬ್ಬೊಬ್ಬರನ್ನಾಗಿ, ಒಂದು ಮುಖದಿಂದ ಇನ್ನೊಂದು ಮುಖಕ್ಕೆ, ನೋಡುತ್ತಾ ಹೋದರು. ಆಗ ಹಿಂದಿನಿಂದ ಯಾರೋ ಹೆಂಗಸು ಪಿಸುಗುಟ್ಟಿದ್ದು ಕೇಳಿಸಿತು.

"ಅಯ್ಯೋ ಶಿವನೇ, ಎಲ್ರೂ ಬೋಳು ಹಣೇಲಿ ಬಂದಿದ್ದಾರಲ್ಲೇ!"

ನಾನು ಹಣೆ ಮುಟ್ಟಿಕೊಂಡೆ. ನಮ್ಮ ಭರಣಿಗಳು ಹಲಗೆಯ ಮೇಲೆ, ಹೂವು ಮೊಳೆಯಲ್ಲಿ, ಹಾಗೇ ಉಳಿದಿದ್ದವು. ಗಡಿಬಿಡಿಯಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ. ಗಂಡ ಬದುಕಿರುವ ಅಷ್ಟೂ ಹೆಂಗಸರು, ಹಾಡಹಗಲು, ಸಾವಿನ ಮನೆಗೆ, ಇನ್ನೂ ಕುಂಕುಮ ತೆಗೆಯದ ಹೆಂಗಸಿನ ಎದುರಿಗೆ ವಿಧವೆಯರ ಹಾಗೆ ಹೋಗಿ ನಿಂತಿದ್ದೆವು.

ಸಂಜೆಯೊಳಗೆ ಮಾತು ಹಬ್ಬಿತು. ಅಷ್ಟು ಜನ ಮುತ್ತೈದೆಯರಿಗೆ ದಿನಾ ಹಣೆ ಅಳಿಸಿದ ಪಾಪ ಸುಮ್ಮನೆ ಬಿಡುತ್ತದೆಯೇ ಎಂದು ಕೆಲವರು. ಬೋಳು ಹಣೆ ಹೊತ್ತು ದಿನಾ ಎದುರಿಗೆ ಕೂತವರೇ ಆ ಮನುಷ್ಯನನ್ನು ತಿಂದುಕೊಂಡರು ಎಂದು ಹೆಚ್ಚಿನವರು. ಕೊಡಿಗೇಹಳ್ಳಿಗೆ ಈ ಮಾತು ನನಗಿಂತ ಮೊದಲೇ ತಲುಪಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ತಲೆಗೆ ನೀರು ಹಾಕಿ, ಒಳಗೆ ಕರೆದು, ತಾವು ಮುಟ್ಟುವಂತಿಲ್ಲ ಎಂದು ಪಕ್ಕದ ಮನೆಯಾಕೆಯ ಕೈಯಲ್ಲಿ ನನ್ನ ಹಣೆಗೆ ಕುಂಕುಮ ಇಡಿಸಿದರು.

"ಇನ್ನ ಅಲ್ಲಿಗೆ ಓಗೋದು ಬ್ಯಾಡ" ಅಂದರು. "ಆ ಯಪ್ಪ ಒಳ್ಳೇನೇ. ಅವನ್ಗೇ ಇಂಗಾಯ್ತು ಅಂದ್ರೆ, ನನ್ ಮಗನ್ಗೆ ಏನಾದ್ರೂ ಆದ್ರೆ?"

ನಾನು ಎದುರಾಡಲಿಲ್ಲ. ನಮ್ಮೂರಿನ ಯಾವ ಹುಡುಗಿಯೂ ಹೋಗಲಿಲ್ಲ. ಜಗಲಿಯ ಮೇಲೆ ಕೂತು ಹೂವು ಕಟ್ಟಿದೆ. ಮೇಷ್ಟ್ರು ಸತ್ತರು ಎಂದು ನನಗೆ ನಾನೇ ಹೇಳಿಕೊಂಡು ನೋಡುತ್ತಿದ್ದೆ. ಯಾರದೋ ಊರಿನ ಸುದ್ದಿಯಂತೆ ಇರುತ್ತಿತ್ತು. ಕೊರೆಯುತ್ತಿದ್ದುದು ಒಂದೇ. ಅಮ್ಮಾವ್ರು ನಮ್ಮನ್ನು ಹಾಗೆ ನೋಡಿದರಲ್ಲ, ಅವರೂ ಅದನ್ನೇ ನಂಬಿದರೇ? ನಮ್ಮಿಂದಲೇ ಅವರು ಹೋದರು ಅಂತ?

ನಡುವೆ ಲಿಲ್ಲಿ ಒಮ್ಮೆ ಬಂದು ಹೋದಳು. ಅವಳೂ ಇನ್ನಿಬ್ಬರೂ ಮಾತ್ರ ಕೆಲಸಕ್ಕೆ ಹೋಗುತ್ತಿದ್ದರು. ಕುಂಕುಮ ಇಟ್ಟುಕೊಂಡೇ ಬನ್ನಿ, ಬಂದರೆ ಸಾಕು ಎಂದು ಮ್ಯಾನೇಜರು ಕೆಲವರನ್ನು ಕರೆಸಿದರಂತೆ. ಅವರು ಮಾಡಿದ್ದೆಲ್ಲ ನೀಲಿಗೆ ತಿರುಗಿತಂತೆ. "ಬ್ಯಾಚು ಅರ್ಧಕ್ಕೇ ನಿಂತಿದೆ ಕಣೇ. ಈ ತಿಂಗಳು ನೋಡಿ ಗೋಡೌನ್ ವಾಪಸ್ ಕೊಟ್ಬಿಡ್ತಾರಂತೆ. ಪರದೇಶದೋನು ಹೇಳಿದ್ದೇ ನಿಜ ಆಯ್ತು ಅಂತ ಯಜಮಾನ್ರು ಅಂತಿದ್ರು" ಅಂದಳು. ಆಗಲೂ ನಾನು ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ.

ಮೇಷ್ಟ್ರ ವೈಕುಂಠ ಸಮಾರಾಧನೆ ಕಳೆದು ಕೆಲವು ದಿನವಾಗಿತ್ತು. ಮಧ್ಯಾಹ್ನ ನಮ್ಮ ಮನೆಯ ಮುಂದೆ ಜಟಕಾ ಬಂದು ನಿಂತಿತು. ಲಿಲ್ಲಿ ಇಳಿದಳು. ಅವಳ ಹಿಂದೆ ಅಮ್ಮಾವ್ರು ಇಳಿದರು. ಗಂಡ ಹೋದ ವರ್ಷದೊಳಗೆ ಆ ಹೆಂಗಸು ಇನ್ನೊಬ್ಬರ ಮನೆಗೆ ಹೋಗುವ ಪದ್ಧತಿ ಇಲ್ಲ. ಬೀದಿಯಲ್ಲಿ ಇದ್ದವರೆಲ್ಲ ನಿಂತು ನೋಡಿದರು. ಅಮ್ಮಾವ್ರು ಹೊಸ್ತಿಲ ಹತ್ತಿರ ಬರಲಿಲ್ಲ. ಬೀದಿಯಲ್ಲೇ, ಜಗಲಿಯ ಕೆಳಗೆ ನಿಂತರು.

"ಇವತ್ತು ಬೆಳಿಗ್ಗೆ ಕಾರ್ಖಾನೆಗೆ ಹೋಗಿದ್ದೆ" ಎಂದು ಅತ್ತೆಗೆ ಹೇಳಿದರು. "ಅವರಿರುವಾಗ ಒಂದ್ ದಿನಾನೂ ಆ ಕೋಣೆ ನೋಡಿರ್ಲಿಲ್ಲ. ನೋಡೋಣ ಅಂತ ಹೋದೆ. ಖಾಲಿ ಇತ್ತು. ಯಾಕೆ ಅಂತ ಕೇಳಿದ್ರೆ ಯಾರೂ ಬಾಯಿ ಬಿಡಲ್ಲ. ಈ ಮಗು ಹೇಳ್ತು."

ಅತ್ತೆ ಲಿಲ್ಲಿಯ ಕಡೆ ನೋಡಿದರು.

"ನೋಡೀಮ್ಮಾ, ಅವರಿಗೆ ಎದೆನೋವು ವರ್ಷದಿಂದ ಇತ್ತು. ಯಾರಿಗೂ ಹೇಳ್ಬೇಡ ಅಂದಿದ್ರು. ಡಾಕ್ಟ್ರು ನಡೀಬೇಡಿ ಅಂದ್ರೆ ಕೊಡೆ ಹಿಡ್ಕೊಂಡು ಊರೂರು ಸುತ್ತಿದ್ರು. ಅದಕ್ಕೆ ಹೋದ್ರು. ನಿಮ್ಮ ಸೊಸೆ ಹಣೆಯಿಂದ ಅಲ್ಲ."

ನನಗೆ ತಡೆಯಲಾಗಲಿಲ್ಲ. "ಅವತ್ತು ನೀವು ನಮ್ಮನ್ನ ಹಾಗೆ ನೋಡಿದ್ರಲ್ಲಾ ಅಮ್ಮಾವ್ರೇ" ಅಂದೆ.

ಅವರು ನನ್ನ ಕಡೆ ತಿರುಗಿದರು. "ಹೌದಮ್ಮಾ. ಬೆಳಿಗ್ಗೆಯಿಂದ ಎಲ್ರೂ ಬಂದು ಅಳ್ತಿದ್ರು. ನನಗೆ ಏನೂ ಅನ್ನಿಸ್ತಿರ್ಲಿಲ್ಲ. ಅವರು ಎದ್ದು ಷೂ ಹಾಕ್ಕೊಂಡು ಹೋಗ್ತಾರೆ ಅಂತಾನೇ ಕೂತಿದ್ದೆ. ನೀವೆಲ್ಲ ಹಂಗೆ ಬಂದು ನಿಂತ್ರಿ ನೋಡು. ಅಷ್ಟೊಂದು ಹಣೆ. ಓ, ಇವರಿಗೆಲ್ಲ ಆಗ್ಲೇ ಗೊತ್ತಾಗಿದೆ, ನನಗೇ ಇನ್ನೂ ಗೊತ್ತಾಗಿಲ್ಲ ಅಂದ್ಕೊಂಡೆ. ಆಮೇಲೆ ಅಳು ಬಂತು. ನೀವು ಬರದೇ ಇದ್ದಿದ್ರೆ ನಾನು ಇವತ್ತಿಗೂ ಹಂಗೇ ಕೂತಿರ್ತಿದ್ದೆ."

ಅಮ್ಮಾವ್ರು ಮತ್ತೆ ಅತ್ತೆಯ ಕಡೆ ನೋಡಿ, "ನೀವು ಹೇಳಿದ್ರೆ ಊರು ಕೇಳುತ್ತೆ ಅಂತ ಅವರು ಹೇಳ್ತಿದ್ರು. ಯಾರಾದ್ರೂ ಬೇರೆ ಮಾತಾಡಿದ್ರೆ, ಅವರ ಹೆಂಡ್ತೀನೇ ಬಂದು ಹೇಳಿಹೋದ್ಲು ಅನ್ನಿ. ಆ ಬ್ಯಾಚೊಂದು ಮುಗಿಸಿಕೊಡ್ಲಿ. ಆಮೇಲೆ ನಿಮ್ಮಿಷ್ಟ" ಅಂದರು.

ಅತ್ತೆ ಜಗಲಿಯಿಂದ ಇಳಿದು ಬೀದಿಗೆ ಬಂದರು. ಅಮ್ಮಾವ್ರ ಕೈ ಹಿಡಿದುಕೊಂಡರು. "ಬೀದೀಲಿ ಯಾಕ್ ನಿಂತ್ಕಂಡಿದ್ದೀರಿ. ನಾನೂ ನಿಮ್ಮಂಗೇ ಅಲ್ವಾ. ನನ್ ಮನೆಗೆ ಬರಾಕೆ ನಿಮ್ಗೆ ಯಾವ ಮೈಲ್ಗೆ? ಅತ್ತಿ ಕೂತ್ಕಳಿ ತಾಯಿ" ಎಂದು ಕೈ ಬಿಡದೆ ಜಗಲಿಗೆ ಹತ್ತಿಸಿದರು. ಇಬ್ಬರೂ ಪಕ್ಕಪಕ್ಕದಲ್ಲಿ ಕೂತರು. ಮಜ್ಜಿಗೆ ತಂದುಕೊಟ್ಟೆ. ಅತ್ತೆ ತಮ್ಮ ಗಂಡ ಹೋದ ವರ್ಷದ ಕಥೆ ಹೇಳಿದರು, ನಾನು ಅದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಕೊನೆಗೆ ನನ್ನ ಕಡೆ ನೋಡದೆ, "ನಾಳೀಕೆ ಬುತ್ತಿ ಕಟ್ತೀನಿ. ಜಯಮ್ಮನ ಮನೆಗೂ ಏಳ್ಬುಟ್ಟು ಬಾ" ಅಂದರು.

ಅಮ್ಮಾವ್ರು ಹೊರಡಲು ಎದ್ದರು. ನಾನು ಒಳಗೆ ಹೋಗಿ ತಟ್ಟೆ ತಂದೆ. ಮನೆಗೆ ಬಂದ ಹೆಂಗಸರು ಹೊರಡುವಾಗ ಮಾಡುವ ಕೆಲಸ ಅದು. ಮದುವೆಯಾದ ಲಾಗಾಯ್ತು ಆ ಮನೆಯಲ್ಲಿ ನಾನೇ ಮಾಡುತ್ತಿದ್ದೆ, ಕೈಗೆ ಯಾರೂ ಹೇಳಬೇಕಾಗಿರಲಿಲ್ಲ. ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಒಂದು ಮೊಳ ಕನಕಾಂಬರ, ಅರಿಸಿನ, ಕುಂಕುಮ. ಹೊಸ್ತಿಲ ಬಳಿ ನಿಂತು ತಟ್ಟೆ ಮುಂದೆ ಚಾಚಿದೆ. ಅಮ್ಮಾವ್ರು ಕೂಡ ಎಷ್ಟೋ ವರ್ಷದ ಅಭ್ಯಾಸದಿಂದ ಬೆರಳು ಮಡಿಸಿ ಕುಂಕುಮದ ಬಟ್ಟಲಿಗೆ ಕೈ ತಂದರು.

ಕೈ ಅಲ್ಲೇ ನಿಂತಿತು. ನಾನು ಆ ಕೈಯನ್ನು ನೋಡಿದೆ. ಆಮೇಲೆ ಅವರ ಹಣೆ ನೋಡಿದೆ. ಮೇಷ್ಟ್ರು ಇನ್ನಿಲ್ಲ ಎನ್ನುವುದು ನನಗೆ ಆಗ ಗೊತ್ತಾಯಿತು.

ನನ್ನ ಕೈಯಲ್ಲಿ ತಟ್ಟೆ ಓರೆಯಾಯಿತು. ಅತ್ತೆ ಹಿಂದಿನಿಂದ ಬಂದು ಹಿಡಿದುಕೊಂಡರು. "ಬಾಳೆಹಣ್ಣು ಕೊಡಮ್ಮಾ, ಸಾಕು" ಅಂದರು ಅಮ್ಮಾವ್ರು. ತಾವೇ ಎತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡು ಜಟಕಾ ಹತ್ತಿದರು. ನಾನು ಹೊಸ್ತಿಲ ಮೇಲೆ ಕುಸಿದು ಕೂತು, ಬೀದಿಯವರೆಲ್ಲ ನೋಡುತ್ತಿದ್ದಂತೆ, ನನ್ನ ಅಪ್ಪ ಹೋದಾಗಲೂ ಅಳದಷ್ಟು ಜೋರಾಗಿ ಅಳತೊಡಗಿದೆ.